ವಿಂಡೋಸ್ 10 ನಿಂತಿತು. ಅಂಗಡಿಯ ಹಳೆಯ ಸಾಫ್ಟ್‌ವೇರ್‌ಗೆ ಇನ್ನು ದಿಕ್ಕು ಯಾರು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ದೊಡ್ಡ ಕಚೇರಿಗಳು ಇದಕ್ಕೆ ಮೊದಲೇ ತಯಾರಾಗಿದ್ದವು. ಗೊಂದಲಕ್ಕೆ ಬಿದ್ದದ್ದು ಡಿಟಿಪಿ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಕಂಪ್ಯೂಟರ್ ಕಸೂತಿ ಘಟಕ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ಯಂತ್ರ ಇಟ್ಟುಕೊಂಡ ಕಾರ್ಖಾನೆಗಳಂಥ ಕಡೆ. ಕಂಪ್ಯೂಟರ್ ಇನ್ನು ಆನ್ ಆಗುವುದೇ ಇಲ್ಲವೆ? ಪುಟ ಕಟ್ಟುವ ಪೇಜ್‌ಮೇಕರ್ ತೆರೆಯುತ್ತದೆಯೆ? ಹೊಸ ಯಂತ್ರ ತಂದರೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಕೂಡಿಸಿಟ್ಟ ಇಪ್ಪತ್ತು ವರ್ಷದ ಫೈಲುಗಳ ಗತಿಯೇನು? ಹೊಸ ಕಂಪ್ಯೂಟರ್ ಮಾರುವವರು ಹೇಳುವುದು ಒಂದು, ಸರ್ವಿಸ್ ಹುಡುಗರು ಹೇಳುವುದು ಇನ್ನೊಂದು.

ಇದೇ ಹೊತ್ತಿಗೆ ಇನ್ನೆರಡು ಸುದ್ದಿಗಳು ಬೇರೆ ಬೇರೆ ಲೋಕಗಳಲ್ಲಿ ಇದೇ ಆತಂಕ ಹುಟ್ಟಿಸಿದ್ದವು. ಪಾಶ್ಚಾತ್ಯ ಸಂಗೀತವನ್ನು ಸ್ವರಲಿಪಿಯಲ್ಲಿ ಬರೆಯುವ ‘ಫಿನಾಲೆ’ ಎಂಬ ಸಾಫ್ಟ್‌ವೇರನ್ನು ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಮುಚ್ಚಿಬಿಟ್ಟಿತು. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಸರ್ಕಿಟ್ ಬೋರ್ಡ್ ರಚಿಸಲು ಬಳಸುತ್ತಿದ್ದ ‘ಈಗಲ್’ಗೆ 2026ರ ಜೂನ್ 7 ಕೊನೆಯ ದಿನವೆಂದು ಆಟೋಡೆಸ್ಕ್ ಕಂಪನಿ 2023ರಲ್ಲೇ ಹೇಳಿತ್ತು. ಲಗ್ನಪತ್ರಿಕೆ ಮುದ್ರಿಸುವ ಅಂಗಡಿಗೂ ಸಂಗೀತ ರಚನಕಾರರಿಗೂ ಸರ್ಕಿಟ್ ಹವ್ಯಾಸಿಗಳಿಗೂ ಮೇಲುನೋಟಕ್ಕೆ ಸಂಬಂಧವಿಲ್ಲ. ಆದರೆ ಮೂವರ ತೊಂದರೆಯ ಬೇರು ಒಂದೇ: ಅವರು ನಂಬಿದ್ದು ಬಳಕೆದಾರರು ಕಡಿಮೆಯಿರುವ, ಒಂದೇ ಕಸುಬಿಗೆಂದು ಬರೆದ ಡೆಸ್ಕ್‌ಟಾಪ್ ಸಾಫ್ಟ್‌ವೇರನ್ನು. ಅಂಥ ಸಾಫ್ಟ್‌ವೇರ್ ಹೇಗೆ ಹುಟ್ಟುತ್ತದೆ, ಯಾಕೆ ಸೊರಗುತ್ತದೆ, ಅದು ಹೋದಾಗ ಬಳಸುವವರ ಕೆಲಸದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ತಿಳಿದರೆ ಈ ಗೊಂದಲ ಬಹುಪಾಲು ಕರಗುತ್ತದೆ.

ನಿಂತದ್ದು ಏನು, ನಿಲ್ಲದ್ದು ಏನು

ವಿಂಡೋಸ್ 10 ಇರುವ ಕಂಪ್ಯೂಟರ್ ಈಗಲೂ ಆನ್ ಆಗುತ್ತದೆ, ಅದರಲ್ಲಿರುವ ಪ್ರೋಗ್ರಾಂಗಳೂ ಓಡುತ್ತವೆ. ನಿಂತಿರುವುದು ಭದ್ರತಾ ತಿದ್ದುಪಡಿ. ಹೊಸದಾಗಿ ಪತ್ತೆಯಾಗುವ ಲೋಪಗಳನ್ನು ಮುಚ್ಚುವ ಕೆಲಸವನ್ನು ಮೈಕ್ರೋಸಾಫ್ಟ್ ಇನ್ನು ತಾನಾಗಿ ಮಾಡುವುದಿಲ್ಲ. ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಯೋಜನೆಯೊಂದನ್ನು ಅದು ಪ್ರಕಟಿಸಿತು. ಸಂಸ್ಥೆಗಳು ಹಣ ಕೊಟ್ಟರೆ ಗರಿಷ್ಠ ಮೂರು ವರ್ಷ ಸಿಗುತ್ತದೆ.

ಹಾಗಾದರೆ ವಿಂಡೋಸ್ 11ಕ್ಕೆ ಹೋಗಬಹುದಲ್ಲ ಎಂದರೆ ಅಲ್ಲೊಂದು ತೊಡಕಿದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 2015, 2016ರಲ್ಲಿ ಕೊಂಡ, ಇವತ್ತಿಗೂ ಚೆನ್ನಾಗಿ ನಡೆಯುತ್ತಿರುವ ಯಂತ್ರ ಈ ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಇನ್ನು ಹಳೆಯ ಪ್ರೋಗ್ರಾಂಗಳ ಮಾತು. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ (ಬಿಟ್ ಎಂದರೆ ಇಲ್ಲಿ ಕಂಪ್ಯೂಟರ್ ಒಂದೇ ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ). 32 ಬಿಟ್ ರೂಪ ಇದ್ದ ಕೊನೆಯ ವಿಂಡೋಸ್ ಎಂದರೆ 10. ಇದನ್ನು ಕೇಳಿದ ಕೂಡಲೇ ಹಳೆಯದೆಲ್ಲ ಹೋಯಿತು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆ 64 ಬಿಟ್ ವಿಂಡೋಸಿನೊಳಗೇ ಇದೆ, ಆದ್ದರಿಂದ ಅವುಗಳಲ್ಲಿ ಹೆಚ್ಚಿನವು ನಡೆಯುತ್ತವೆ. ನಡೆಯದಿರುವುದು ಎರಡು ಬಗೆಯವು. ಒಂದು, ಡಾಸ್ ಮತ್ತು ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಂಗಳು. ಇನ್ನೊಂದು, 32 ಬಿಟ್ ಡ್ರೈವರುಗಳು, ಅಂದರೆ ಯಂತ್ರಾಂಶವನ್ನು ನೇರವಾಗಿ ಮುಟ್ಟುವ ತುಣುಕುಗಳು. ಕಸುಬಿನ ಸಾಫ್ಟ್‌ವೇರ್ ಹೆಚ್ಚಾಗಿ ಮುಗ್ಗರಿಸುವುದು ಈ ಎರಡನೆಯ ಕಡೆ.

ಹವ್ಯಾಸಿಗಳೂ ಸಣ್ಣ ಕಾರ್ಖಾನೆಗಳೂ ಜಗತ್ತಿನಾದ್ಯಂತ ಬಳಸಿದ ‘ಮ್ಯಾಕ್ 3’ ಎಂಬ ಸಿಎನ್‌ಸಿ ನಿಯಂತ್ರಣ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಪ್ರಿಂಟರಿಗೆಂದು ಇದ್ದ ಹಳೆಯ ಪ್ಯಾರಲಲ್ ಪೋರ್ಟಿನ ಮೂಲಕ ಮೋಟಾರುಗಳಿಗೆ ಒಂದೊಂದೇ ಮಿಡಿತ ಕಳಿಸುತ್ತಿತ್ತು. ಆ ಪೋರ್ಟಿನ ಡ್ರೈವರ್ 32 ಬಿಟ್ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. 64 ಬಿಟ್ ವಿಂಡೋಸಿನಲ್ಲಿ ಪ್ರೋಗ್ರಾಂ ತೆರೆದುಕೊಂಡರೂ ಯಂತ್ರ ಅಲ್ಲಾಡುವುದಿಲ್ಲ. ಮೋಟಾರುಗಳಿಗೆ ಮಿಡಿತ ಕಳಿಸುವ ಹೊರಗಿನ ಸಾಧನವನ್ನು (ಮೋಷನ್ ಕಂಟ್ರೋಲರ್) ಕೊಂಡು ಜೋಡಿಸಬೇಕು, ಇಲ್ಲವೇ ಹಳೆಯ ಕಂಪ್ಯೂಟರನ್ನೇ ಕಾಪಾಡಿಕೊಂಡು ಹೋಗಬೇಕು.

ಇಂಥ ಸಾಫ್ಟ್‌ವೇರ್ ಹುಟ್ಟುವುದು ಹೀಗೆ

ಕಸುಬಿನ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಬ್ಬರ ಅಗತ್ಯದಿಂದ ಹುಟ್ಟುತ್ತದೆ. ನಮ್ಮ ಬೆಂಗಳೂರಿನ ಟ್ಯಾಲಿಯನ್ನೇ ನೋಡಿ. ಕಾರ್ಖಾನೆಗಳಿಗೂ ಜವಳಿ ಗಿರಣಿಗಳಿಗೂ ಕಚ್ಚಾವಸ್ತು, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಮುಂದೆ ದೇಶದ ಮೂಲೆಮೂಲೆಯ ಅಂಗಡಿ ಸೇರಿತು. ಕನ್ನಡ ಟೈಪಿಂಗ್‌ಗೂ ಇಂಥದ್ದೇ ಚರಿತ್ರೆ ಇದೆ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಹೊರತಂದದ್ದು ಯಾವ ದೊಡ್ಡ ಕಂಪನಿಯ ಬಲದಿಂದಲೂ ಅಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಇವತ್ತಿಗೂ ಲಕ್ಷಾಂತರ ಬೆರಳುಗಳಿಗೆ ರೂಢಿ. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ‘ನುಡಿ’ಯನ್ನು ತಯಾರಿಸಿ ಉಚಿತವಾಗಿ ಹಂಚಿತು.

ಹವ್ಯಾಸದ ಲೋಕದಲ್ಲಿ ಇದು ಇನ್ನೂ ಚೆಂದ. ಹ್ಯಾಮ್ ರೇಡಿಯೊ ಹವ್ಯಾಸಿಗಳು ಗದ್ದಲದಲ್ಲಿ ಮುಳುಗಿಹೋದ ದುರ್ಬಲ ಸಂಕೇತಗಳನ್ನು ಹೆಕ್ಕಲು ಬಳಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಡೆಸ್ಕ್‌ಟಾಪ್ ಸಾಫ್ಟ್‌ವೇರಿನ ಹಿಂದೆ ಇರುವುದು ಜೋಸೆಫ್ ಟೇಲರ್. ಪಲ್ಸರ್ ಸಂಶೋಧನೆಗೆ 1993ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡವರು, ಜೊತೆಗೆ ಹ್ಯಾಮ್ ಹವ್ಯಾಸಿ. ದೂರದ ನಕ್ಷತ್ರದ ಕ್ಷೀಣ ಮಿಡಿತ ಹಿಡಿಯುವ ವಿದ್ಯೆಯನ್ನು ಅವರು ಹವ್ಯಾಸಿಗಳ ಮೇಜಿನ ಮೇಲೆ ತಂದಿಟ್ಟರು, ಮೂಲ ಕೋಡ್ ಸಮೇತ.

ಕಸುಬು ಬಲ್ಲವರು, ಅಥವಾ ಅವರ ಪಕ್ಕದಲ್ಲೇ ಕೂತವರು, ತಾವೇ ಬರೆದದ್ದರಿಂದ ಈ ಸಾಫ್ಟ್‌ವೇರುಗಳು ಕೈಗೆ ಹೊಂದುತ್ತವೆ. ಎಲ್ಲರಿಗೂ ಎಂದು ಮಾಡಿದ ದೊಡ್ಡ ಪ್ಯಾಕೇಜಿನಲ್ಲಿ ಹತ್ತು ಕ್ಲಿಕ್ ಬೇಡುವುದು ಇಲ್ಲಿ ಒಂದು ಕೀಲಿಯಲ್ಲಿ ಮುಗಿಯುತ್ತದೆ. ಜನ ಬಿಡಲೊಪ್ಪದೆ ಅಂಟಿಕೊಳ್ಳುವುದು ಹಟದಿಂದಲ್ಲ, ಈ ಹೊಂದಾಣಿಕೆಯ ಬೆಲೆ ಅವರಿಗೆ ಗೊತ್ತಿರುವುದರಿಂದ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಊಹೆಗೆ ಒಂದು ಲೆಕ್ಕ ಹಾಕೋಣ. ಕಂಪ್ಯೂಟರ್ ಕಸೂತಿ ಘಟಕಗಳಿಗೆಂದು ಒಬ್ಬರು ಸಾಫ್ಟ್‌ವೇರ್ ಬರೆದು ಪ್ರತಿಗೆ 5,000 ರೂಪಾಯಿಯಂತೆ ಮಾರುತ್ತಾರೆ. ಮೂರು ವರ್ಷದಲ್ಲಿ 300 ಘಟಕಗಳು ಕೊಳ್ಳುತ್ತವೆ. 15 ಲಕ್ಷ ಬಂತು. ಆದರೆ ಸುತ್ತಮುತ್ತ ಇರುವುದೇ ಅಷ್ಟು ಘಟಕಗಳಾದರೆ? ನಾಲ್ಕನೆಯ ವರ್ಷ ಹೊಸದಾಗಿ ಕೊಳ್ಳುವವರು 20 ಜನ, ಆದಾಯ ಒಂದು ಲಕ್ಷ. ಇತ್ತ ಫೋನ್ ಮಾಡುವವರು ಮಾತ್ರ 320 ಜನ. ಪ್ರಿಂಟರ್ ಬದಲಾಯಿತು, ವಿಂಡೋಸ್ ಬದಲಾಯಿತು, ಹೊಸ ಯಂತ್ರ ಬೇರೆ ಬಗೆಯ ಫೈಲ್ ಕೇಳುತ್ತಿದೆ ಎಂದು ಪ್ರತಿಯೊಬ್ಬರದ್ದೂ ಒಂದೊಂದು ಅಹವಾಲು. ಸಾಫ್ಟ್‌ವೇರ್ ಗೆದ್ದಷ್ಟೂ ಅದನ್ನು ಸಾಕುವ ಹೊರೆ ಹೆಚ್ಚುತ್ತದೆ, ಆದಾಯ ಇಳಿಯುತ್ತದೆ. ದೊಡ್ಡ ಮಾರುಕಟ್ಟೆಯಲ್ಲಿ ಹೊಸ ಗಿರಾಕಿಗಳು ಬರುತ್ತಲೇ ಇರುವುದರಿಂದ ಇದು ಕಾಣುವುದಿಲ್ಲ. ಸಣ್ಣ ಮಾರುಕಟ್ಟೆಯಲ್ಲಿ ನಾಲ್ಕೇ ವರ್ಷಕ್ಕೆ ಎದುರಾಗುತ್ತದೆ.

ಖರ್ಚು ಒಂದೇ ಕಡೆ ನಿಲ್ಲುವುದೂ ಇಲ್ಲ. ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮನ್ನು ಇಳಿಸಿಕೊಂಡು ತೆರೆದರೆ ವಿಂಡೋಸ್ ದೊಡ್ಡ ನೀಲಿ ಎಚ್ಚರಿಕೆ ತೋರಿಸುತ್ತದೆ. ಗಿರಾಕಿ ವೈರಸ್ ಎಂದು ಹೆದರಿ ಮುಚ್ಚಿಬಿಡುತ್ತಾರೆ. ಸಹಿಗೆ ಪ್ರಮಾಣಪತ್ರ ಕೊಳ್ಳಬೇಕು. 2023ರ ಜೂನ್‌ನಿಂದ ಆ ಸಹಿಯ ಕೀಲಿಯನ್ನು ಪ್ರತ್ಯೇಕ ಭದ್ರತಾ ಸಾಧನದಲ್ಲೇ ಇಡಬೇಕೆಂಬ ನಿಯಮವೂ ಸೇರಿತು. ಆಪಲ್ ಕಂಪ್ಯೂಟರಿಗೂ ಕೊಡಬೇಕೆಂದರೆ ವರ್ಷಕ್ಕೆ 99 ಡಾಲರ್ ಸದಸ್ಯತ್ವ. ಕಂಪನಿಗಳಿಗೆ ಇದು ಚಿಲ್ಲರೆ. ಒಬ್ಬರೇ ಕೂತು ಬರೆಯುವವರಿಗೆ ಹಾಗಲ್ಲ.

ಟ್ಯಾಲಿ ಈ ಬಲೆಗೆ ಬೀಳಲಿಲ್ಲ. ಯಾಕೆಂದರೆ ಅದರ ಕಸುಬೇ ವರ್ಷವರ್ಷ ಬದಲಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯ ದಾಖಲೆ ಉಳಿಸಬೇಕೆಂಬ ನಿಯಮ ಬಂತು. ಕಾನೂನು ಬದಲಾದಾಗಲೆಲ್ಲ ಸಾಫ್ಟ್‌ವೇರ್ ಬದಲಾಗಲೇಬೇಕು, ಆದ್ದರಿಂದ ಒಮ್ಮೆ ಕೊಂಡವರೂ ವಾರ್ಷಿಕ ಸೇವೆಗೆ ಹಣ ಕಟ್ಟಲು ಒಪ್ಪುತ್ತಾರೆ. ಸಾಫ್ಟ್‌ವೇರ್ ಗಿರಾಕಿಯ ಕಂಪ್ಯೂಟರಿನಲ್ಲೇ ಇದೆ, ಲೆಕ್ಕವೂ ಅಲ್ಲೇ ಇದೆ, ಆದರೂ ಆದಾಯ ನಿಂತಿಲ್ಲ. ಲಗ್ನಪತ್ರಿಕೆಯ ಅಕ್ಷರಕ್ಕೆ ಅಂಥ ಒತ್ತಾಯವಿಲ್ಲ. 2004ರಲ್ಲಿ ಚೆನ್ನಾಗಿದ್ದ ಫಾಂಟ್ ಇವತ್ತಿಗೂ ಚೆನ್ನಾಗಿಯೇ ಇದೆ. ಅದಕ್ಕೆ ಮತ್ತೆ ದುಡ್ಡು ಯಾಕೆ ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಾಗೆ ಯಾರೂ ಕೊಡದಿದ್ದಾಗ ಅದನ್ನು ಬರೆದವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ.

ಬೀಗ ಹಾಕಿದ ಕೈಯೇ ಇಲ್ಲವಾದಾಗ

ಗಿರಾಕಿಗಳು ಕಡಿಮೆ ಇದ್ದಷ್ಟೂ ನಕಲಿಯ ಭಯ ಹೆಚ್ಚು. ಮುನ್ನೂರು ಗಿರಾಕಿಗಳಲ್ಲಿ ನೂರು ಜನ ಕಾಪಿ ಹೊಡೆದರೆ ಬರೆದವರ ಅನ್ನವೇ ಹೋಗುತ್ತದೆ. ಅದಕ್ಕಾಗಿ ಡಾಂಗಲ್ ಬಂತು. ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಸಣ್ಣ ಬೀಗ. ಅದಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಡಿಟಿಪಿಯಲ್ಲೂ ಕಸೂತಿ ವಿನ್ಯಾಸದಲ್ಲೂ ಇದು ಸಾಮಾನ್ಯ ಸಂಗತಿ.

ಈ ಡಾಂಗಲ್ಲಿಗೂ ಒಂದು ಡ್ರೈವರ್ ಬೇಕು. ಹಳೆಯ 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ಕೂರುವುದಿಲ್ಲ. 64 ಬಿಟ್ ಡ್ರೈವರ್ ಇದ್ದರೂ ತೀರ ಹಳೆಯದಾದರೆ ವಿಂಡೋಸ್ 11ರ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಅದನ್ನು ತಡೆಯಬಹುದು. ಆಗ ಸಾಫ್ಟ್‌ವೇರಿನಲ್ಲಿ ದೋಷವಿಲ್ಲದಿದ್ದರೂ, ಹಣ ಕೊಟ್ಟು ಕೊಂಡ ಪ್ರಾಮಾಣಿಕ ಗಿರಾಕಿಯೇ ಹೊರಗೆ ನಿಲ್ಲಬೇಕಾಗುತ್ತದೆ. ಕಾಪಿ ಹೊಡೆದವರ ಬಳಿ ಬೀಗ ಮುರಿದ ಪ್ರತಿ ಇರುವುದರಿಂದ ಅವರ ಕೆಲಸ ನಡೆದೇ ಇರುತ್ತದೆ. ಈ ಅನ್ಯಾಯ ಯಾರ ದುರುದ್ದೇಶದಿಂದಲೂ ಆದದ್ದಲ್ಲ, ಒಂದರ ಹಿಂದೊಂದು ಸರಿಯಾದ ಕಾರಣಗಳು ಕೂಡಿ ಆದದ್ದು. ಅದಕ್ಕೇ ಇದನ್ನು ಸರಿಪಡಿಸುವುದೂ ಕಷ್ಟ.

ಇಂಟರ್‌ನೆಟ್ ಬಂದ ಮೇಲೆ ಬೀಗ ಕಂಪನಿಯ ಸರ್ವರಿಗೆ ಹೋಯಿತು. ಫಿನಾಲೆಯ ಪ್ರಕರಣ ನಡೆದದ್ದು ಇಲ್ಲೇ. 35 ವರ್ಷ ಮಾರಿದ ಸಾಫ್ಟ್‌ವೇರನ್ನು ನಿಲ್ಲಿಸುತ್ತೇವೆ ಎಂದು ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟ್ 26ರಂದು ಹೇಳಿದಾಗ, ಒಂದು ವರ್ಷದ ನಂತರ ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಅನುಮತಿ ಪಡೆಯುವುದೂ ಸಾಧ್ಯವಿಲ್ಲ ಎಂದಿತ್ತು. ಅಂದರೆ ಹಾರ್ಡ್ ಡಿಸ್ಕ್ ಕೆಟ್ಟ ದಿನ ಸಂಗೀತಗಾರರ ಜೀವಮಾನದ ರಚನೆಗಳಿಗೆ ಬೀಗ. ಬಳಕೆದಾರರ ಕೂಗು ಎದ್ದ ಮೇಲೆ ಕಂಪನಿ ಬೇಗನೆ ಮಾತು ಬದಲಿಸಿ ಅನುಮತಿ ಕೊಡುವ ವ್ಯವಸ್ಥೆಯನ್ನು ಉಳಿಸಿಕೊಂಡಿತು. ಆ ಕೂಗಿಗೆ ಬೆಲೆ ಬಂದದ್ದು ಅಲ್ಲಿ ಬಳಕೆದಾರರು ಸಾಕಷ್ಟು ಇದ್ದದ್ದರಿಂದ. ಮುನ್ನೂರು ಗಿರಾಕಿಗಳ ಸಾಫ್ಟ್‌ವೇರಿಗೆ ಹಾಗೆ ಕೂಗುವವರೂ ಇರುವುದಿಲ್ಲ.

‘ಕನ್ನಡ’ ಎಂಬ ಪದದ ಒಳಗೆ ಏನಿದೆ?

ನಮ್ಮ ಡಿಟಿಪಿ ಅಂಗಡಿಗಳ ತೊಂದರೆ ಇನ್ನೂ ಒಂದು ಪದರ ಆಳದಲ್ಲಿದೆ. ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ, ಆಮೇಲೆ ಫಾಂಟನ್ನು ಯಾವುದಾದರೂ ಇಂಗ್ಲಿಷ್ ಫಾಂಟಿಗೆ ಬದಲಿಸಿದರೆ ಏಳು ಗುರುತುಗಳು ಕಾಣುತ್ತವೆ. ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಅದೇ ‘ಎ’. ಮೂರು ಸಲ ಬಂದ ಆ ‘ಎ’ ಬೇರೇನೂ ಅಲ್ಲ, ನಮ್ಮ ತಲೆಕಟ್ಟು. ‘ಪಿ’ ಎಂದರೆ ತಲೆಕಟ್ಟಿಲ್ಲದ ‘ಕ’, ಪೌಂಡ್ ಚಿಹ್ನೆ ಎಂದರೆ ತಲೆಕಟ್ಟಿಲ್ಲದ ‘ನ’, ಜರ್ಮನ್ ಅಕ್ಷರ ಎಂದರೆ ‘ನ’ದ ಒತ್ತು. ಕಂಪ್ಯೂಟರಿಗೆ ಕನ್ನಡವೆಂಬುದು ಗೊತ್ತೇ ಇಲ್ಲದ ಕಾಲದಲ್ಲಿ, ಯುರೋಪಿನ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿ ಅಚ್ಚುಮೊಳೆ ಜೋಡಿಸಿದಂತೆ ಜೋಡಿಸಿದ ಜಾಣ್ಮೆ ಇದು. ಇದನ್ನು ನಾವೆಲ್ಲ ‘ಆಸ್ಕಿ’ ಎನ್ನುತ್ತೇವೆ. ಈ ಗುರುತುಗಳಲ್ಲಿ ಹಲವು ನಿಜವಾದ ಆಸ್ಕಿ ಪಟ್ಟಿಯಲ್ಲಿ ಇಲ್ಲವೇ ಇಲ್ಲ; ಹೆಸರು ಮಾತ್ರ ನಿಂತುಬಿಟ್ಟಿದೆ. ಈ ಜಾಣ್ಮೆ ಇಲ್ಲದಿದ್ದರೆ ಎರಡು ದಶಕ ಕನ್ನಡ ಪುಸ್ತಕಗಳೂ ಪತ್ರಿಕೆಗಳೂ ಅಷ್ಟು ಸುಲಭವಾಗಿ ಅಚ್ಚಾಗುತ್ತಿರಲಿಲ್ಲ.

ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದೇ ಪದ ಐದು ಸಂಕೇತ: ಕ, ನ, ವಿರಾಮ, ನ, ಡ. ಇಲ್ಲಿ ಉಳಿಯುವುದು ಅಕ್ಷರವೇ ಹೊರತು ಅದರ ಚಿತ್ರದ ತುಂಡಲ್ಲ. ಹಾಗಾಗಿ ಹುಡುಕಬಹುದು, ಅಕಾರಾದಿ ಜೋಡಿಸಬಹುದು, ಯಾವ ಮೊಬೈಲಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಆಸ್ಕಿ ಫೈಲಿನಲ್ಲಿ ಮತದಾರರ ಹೆಸರನ್ನೋ ಸಂಘದ ಸದಸ್ಯರ ಪಟ್ಟಿಯನ್ನೋ ಅಕಾರಾದಿಗೆ ಹಾಕಿದರೆ ಅದು ಇಂಗ್ಲಿಷಿನ ಕ್ರಮದಲ್ಲಿ ಕೂತು ಎಲ್ಲವೂ ಕಲಸಿಹೋಗುತ್ತದೆ.

ಹಾಗಿದ್ದರೆ ಎಲ್ಲರೂ ಯುನಿಕೋಡಿಗೆ ಯಾಕೆ ಬರಲಿಲ್ಲ? ಕಾರಣ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, 2004ರಲ್ಲಿ ಅಡೋಬಿ ಅದರ ಕೆಲಸವನ್ನೇ ಕೈಬಿಟ್ಟಿತು. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಮೊಬೈಲಿನಿಂದ ಬಂದ ಸುದ್ದಿಯನ್ನು ಅದರಲ್ಲಿ ಅಂಟಿಸಿದರೆ ಸಾಲಿಗೆ ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಆದ್ದರಿಂದ ವರದಿಗಾರರು ವಾಟ್ಸ್ಆ್ಯಪಿನಲ್ಲಿ ಯುನಿಕೋಡಿನಲ್ಲಿ ಕಳಿಸಿದ್ದನ್ನು ಆಪರೇಟರ್ ಕನ್ವರ್ಟರಿಗೆ ಹಾಕಿ ಆಸ್ಕಿ ಮಾಡುತ್ತಾರೆ, ಪುಟ ಕಟ್ಟುತ್ತಾರೆ, ಅಚ್ಚಾದ ಮೇಲೆ ಅದೇ ಬರಹವನ್ನು ಜಾಲತಾಣಕ್ಕೆಂದು ಮತ್ತೊಬ್ಬರು ಯುನಿಕೋಡಿಗೆ ತಿರುಗಿಸುತ್ತಾರೆ.

ಹೀಗೆ ತಿರುಗಿಸುವಾಗ ತಪ್ಪು ನುಸುಳುತ್ತದೆ. ‘ಕರ್ನಾಟಕ’ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವುದು ‘ನಾ’ ಆದ ಮೇಲೆ. ಆಸ್ಕಿಯಲ್ಲಿ ಕೂರುವುದೂ ಅಲ್ಲೇ. ಯುನಿಕೋಡಿನಲ್ಲಿ ‘ರ್’ ಬಾಯಲ್ಲಿ ಉಚ್ಚರಿಸುವಂತೆ ‘ನಾ’ಗಿಂತ ಮೊದಲು ಬರಬೇಕು. ಕನ್ವರ್ಟರ್ ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಇಡಬೇಕು. ಎಲ್ಲಿಯವರೆಗೆ ಹಿಂದಕ್ಕೆ ಎಂಬುದನ್ನು ಒತ್ತು, ಗುಣಿತ ಎಲ್ಲ ನೋಡಿ ಅದು ನಿರ್ಧರಿಸಬೇಕು. ನಡುವೆ ಇಂಗ್ಲಿಷ್ ಪದವೊಂದು ಬಂದರೆ ಮುಗಿಯಿತು. ಫಾಂಟಿನ ಗುರುತು ಕಳೆದುಹೋದ ಬರಿಯ ಪಠ್ಯದಲ್ಲಿ ಯಾವುದು ಇಂಗ್ಲಿಷ್, ಯಾವುದು ಇಂಗ್ಲಿಷ್ ವೇಷದ ಕನ್ನಡ ಎಂದು ಹೇಳಲು ಅದಕ್ಕೆ ದಾರಿಯಿಲ್ಲ. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದಿನ ಇಂಗ್ಲಿಷ್ ಪದವಿ ಅರ್ಥವಿಲ್ಲದ ಕನ್ನಡವಾಗಿ ಅಚ್ಚಾಗುವುದು ಹೀಗೆ.

ಪೇಜ್‌ಮೇಕರ್‌ನಿಂದ ಹೊರಬರಲು ಒಂದು ಸೇತುವೆ ಇತ್ತು. ಅಡೋಬಿಯ ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿದ್ದವು. 2012ರಲ್ಲಿ ಬಂದ ಆ ಸಿಎಸ್6ರಲ್ಲೇ ಕನ್ನಡ ಯುನಿಕೋಡನ್ನು ಸರಿಯಾಗಿ ಕೂಡಿಸುವ ವ್ಯವಸ್ಥೆಯೂ ಸೇರಿತು. ಎರಡೂ ದಡ ಮುಟ್ಟಿಸುವ ಆವೃತ್ತಿ ಅದು. ಮುಂದಿನ ಆವೃತ್ತಿಗಳಲ್ಲಿ ಪೇಜ್‌ಮೇಕರ್ ಫೈಲ್ ತೆರೆಯುವ ಸೌಲಭ್ಯ ಹೋಯಿತು, ಸಾಫ್ಟ್‌ವೇರೇ ಚಂದಾ ಪದ್ಧತಿಗೆ ಹೋಯಿತು. ಸೇತುವೆ ಇದ್ದಾಗ ದಾಟುವ ಅವಸರ ಯಾರಿಗೂ ಕಾಣಲಿಲ್ಲ.

ಈಗಲ್ ಹೋದರೂ ಬೋರ್ಡು ಉಳಿದದ್ದು ಹೇಗೆ?

ಇದಕ್ಕೆ ಹೋಲಿಸಿ ಈಗಲ್‌ನ ಕಥೆ ನೋಡಬೇಕು. ಜರ್ಮನಿಯ ಕ್ಯಾಡ್‌ಸಾಫ್ಟ್ 1988ರಲ್ಲಿ ತಂದ ಇದನ್ನು 2016ರಲ್ಲಿ ಆಟೋಡೆಸ್ಕ್ ಕೊಂಡಿತು, ಮರುವರ್ಷ ಚಂದಾ ಪದ್ಧತಿಗೆ ಹಾಕಿತು, ಕೊನೆಗೆ ನಿಲ್ಲಿಸುವ ದಿನವನ್ನೂ ಗೊತ್ತುಮಾಡಿತು. ಹವ್ಯಾಸಿಗಳಿಗೆ ಸಿಟ್ಟು ಬಂದದ್ದು ನಿಜ, ಆದರೆ ದೊಡ್ಡ ನಷ್ಟವಾಗಲಿಲ್ಲ. ಈಗಲ್ ತನ್ನ 6ನೆಯ ಆವೃತ್ತಿಯಿಂದ ಫೈಲುಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ, ಅಂದರೆ ಯಾರು ಬೇಕಾದರೂ ತೆರೆದು ಓದಬಹುದಾದ ಪಠ್ಯವಾಗಿ ಉಳಿಸತೊಡಗಿತ್ತು. 1992ರಲ್ಲಿ ಫ್ರಾನ್ಸಿನ ಜಾನ್ ಪಿಯರ್ ಶರಾ ಶುರುಮಾಡಿ, ಮುಂದೆ ಜಿನೀವಾದ ಸರ್ನ್ ಪ್ರಯೋಗಾಲಯವೂ ಕೈಜೋಡಿಸಿದ ‘ಕಿಕ್ಯಾಡ್’ ಎಂಬ ಮುಕ್ತ ಸಾಫ್ಟ್‌ವೇರ್ ಆ ಫೈಲುಗಳನ್ನು ನೇರವಾಗಿ ತೆಗೆದುಕೊಳ್ಳುತ್ತದೆ.

ಫಿನಾಲೆಯವರಿಗೂ ಹಾಗೆಯೇ ಒಂದು ದಾರಿ ಇತ್ತು: ಸ್ವರಲಿಪಿಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ ಮ್ಯೂಸಿಕ್‌ಎಕ್ಸ್‌ಎಂಎಲ್. ಫಿನಾಲೆಯ ಕಂಪನಿಯ ಕೈಯಲ್ಲೇ ಇದ್ದ ಅದನ್ನು 2015ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಮುದಾಯಕ್ಕೆ ಒಪ್ಪಿಸಲಾಯಿತು. ಹಾಗಾಗಿ ರಚನೆಗಳನ್ನು ಡೋರಿಕೊಗೋ ಉಚಿತವಾದ ಮ್ಯೂಸ್‌ಸ್ಕೋರ್‌ಗೋ ಸಾಗಿಸಲು ಸಾಧ್ಯವಾಯಿತು. ಪುಟದ ಅಂದಚಂದ ಕೆಡುತ್ತದೆ, ಕೂತು ತಿದ್ದಬೇಕು. ಆದರೆ ಸ್ವರಗಳು ಉಳಿಯುತ್ತವೆ.

ಹೀಗೆ ಮೂರು ಪ್ರಕರಣ ಪಕ್ಕಪಕ್ಕ ಇಟ್ಟರೆ, ಸಾಫ್ಟ್‌ವೇರ್ ಎಷ್ಟು ಕಾಲ ಬಾಳಿತು ಎಂಬುದಕ್ಕಿಂತ ಅದರ ಫೈಲನ್ನು ಬೇರೆಯವರು ಓದಬಲ್ಲರೆ ಎಂಬುದೇ ನಷ್ಟದ ಗಾತ್ರವನ್ನು ನಿರ್ಧರಿಸಿದ್ದು ಕಾಣುತ್ತದೆ. ಸಣ್ಣ ಸಾಫ್ಟ್‌ವೇರ್ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಕೊಳ್ಳುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಅದರ ಸೌಲಭ್ಯಗಳ ಪಟ್ಟಿಯಲ್ಲಿಲ್ಲ, ‘ಎಕ್ಸ್‌ಪೋರ್ಟ್’ ಎಂಬ ಮೆನುವಿನಲ್ಲಿದೆ.

ಯಾರ ವಾದ ಏನು?

ಮೈಕ್ರೋಸಾಫ್ಟ್ ಹೇಳುವುದು ಭದ್ರತೆ. ಈ ವಾದವನ್ನು ಬರಿಯ ವ್ಯಾಪಾರವೆಂದು ತಳ್ಳಿಹಾಕಲಾಗದು. ಅಂಗಡಿಯ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಇದೆ, ಜಿಎಸ್‌ಟಿ ಲಾಗಿನ್ ಇದೆ, ಗಿರಾಕಿಗಳು ಆಧಾರ್ ಪ್ರಿಂಟ್ ತೆಗೆಸಲು ಕೊಟ್ಟ ಪ್ರತಿಗಳಿವೆ. ತೂತು ಮುಚ್ಚದ ಯಂತ್ರವನ್ನು ಇಂಟರ್‌ನೆಟ್ಟಿಗೆ ಹಚ್ಚಿಟ್ಟರೆ ಅಪಾಯ ಖಂಡಿತ.

ಅಂಗಡಿಯವರ ವಾದವೂ ಅಷ್ಟೇ ಗಟ್ಟಿ. ಕೆಟ್ಟಿಲ್ಲದ ಯಂತ್ರವನ್ನು ಯಾಕೆ ಎಸೆಯಬೇಕು? ಹೊಸ ಕಂಪ್ಯೂಟರ್, ಹೊಸ ಡಾಂಗಲ್, ಹೊಸ ಲೈಸೆನ್ಸ್, ಆಪರೇಟರಿಗೆ ಹೊಸ ಕಲಿಕೆ ಎಲ್ಲ ಸೇರಿ ಸಣ್ಣ ಪ್ರೆಸ್ಸಿಗೆ ಆಗುವ ಖರ್ಚು ಒಂದು ಮದುವೆ ಸೀಸನ್ನಿನ ಲಾಭವನ್ನೇ ನುಂಗಬಹುದು.

ದೊಡ್ಡ ಕಂಪನಿಗಳು ಚಂದಾ ಪದ್ಧತಿಯೇ ಪರಿಹಾರ ಎನ್ನುತ್ತವೆ. ತಿಂಗಳು ತಿಂಗಳು ಹಣ ಬಂದರೆ ಸಾಫ್ಟ್‌ವೇರನ್ನು ನವೀಕರಿಸುತ್ತಲೇ ಇರಬಹುದು ಎಂಬುದು ಮೇಲೆ ಹಾಕಿದ ಲೆಕ್ಕಕ್ಕೆ ಸರಿಯಾದ ಉತ್ತರವೇ. ಆದರೆ ಈಗಲ್ ಕೂಡ ಚಂದಾದಲ್ಲೇ ಇತ್ತು, ನಿಂತಿತು. ಚಂದಾ ಕಟ್ಟುವವರ ಸಂಖ್ಯೆ ಕಂಪನಿಗೆ ಸಾಲದು ಎನಿಸಿದ ದಿನ ಇದ್ದ ಪ್ರತಿಯೂ ಕೈತಪ್ಪುತ್ತದೆ. ಸಣ್ಣ ಕಸುಬಿಗೆ ಟ್ಯಾಲಿಯ ಮಾದರಿಯೇ ನ್ಯಾಯವಾದದ್ದು: ಸಾಫ್ಟ್‌ವೇರ್ ಕೊಂಡವರದ್ದೇ, ಹೊಸ ಆವೃತ್ತಿ ಮತ್ತು ಸೇವೆಗೆ ಮಾತ್ರ ವಾರ್ಷಿಕ ಹಣ, ಕಟ್ಟದಿದ್ದರೂ ಇದ್ದದ್ದು ನಡೆಯಬೇಕು.

ಮುಕ್ತ ಸಾಫ್ಟ್‌ವೇರಿನವರ ಬಳಿ ಕಿಕ್ಯಾಡ್‌ನಂಥ ಗೆಲುವುಗಳಿವೆ. ಪುಟವಿನ್ಯಾಸಕ್ಕೆ ‘ಸ್ಕ್ರೈಬಸ್’ ಇದೆ. 2024ರಲ್ಲಿ ಬಂದ ಅದರ 1.6 ಆವೃತ್ತಿಯಲ್ಲಿ ಭಾರತೀಯ ಲಿಪಿಗಳನ್ನು ಕೂಡಿಸುವ ಬೆಂಬಲ ಇದೆ. ನೋಟೊ, ಬಾಲೂ ತಮ್ಮ, ಟೀರೊ ಕನ್ನಡ, ಅನೇಕ್ ಕನ್ನಡದಂಥ ಉಚಿತ ಯುನಿಕೋಡ್ ಫಾಂಟುಗಳಿವೆ. ಆದರೆ ಪ್ರೆಸ್ಸಿನವರು ಕೇಳುವುದು ದಪ್ಪ, ಓರೆ, ನೆರಳು, ಬಳ್ಳಿ ಎಂದು ನೂರಾರು ಬಗೆ. ಆಸ್ಕಿಯಲ್ಲಿ ಅಷ್ಟು ವೈವಿಧ್ಯ ಕೂಡಿಬಂದಿತ್ತು, ಯುನಿಕೋಡಿನಲ್ಲಿ ಇನ್ನೂ ಸಾಲದು. ಇದು ನಿಜವಾದ ಅಡ್ಡಿ, ಸೋಮಾರಿತನದ ನೆಪವಲ್ಲ.

ಸರ್ಕಾರದ ಪಾಲೂ ಇದೆ. ನುಡಿಯನ್ನು ಉಚಿತವಾಗಿ ಕೊಟ್ಟದ್ದರಿಂದ ಕನ್ನಡ ಕಚೇರಿಕಚೇರಿಗೂ ಹೋಯಿತು, ಆ ಉಪಕಾರ ದೊಡ್ಡದು. ಜೊತೆಗೆ ಇನ್ನೊಂದು ಪರಿಣಾಮವನ್ನೂ ಒಪ್ಪಿಕೊಳ್ಳಬೇಕು: ಸರ್ಕಾರ ಉಚಿತ ಕೊಡುವ ಕಡೆ ಖಾಸಗಿಯವರು ಕನ್ನಡ ಸಾಫ್ಟ್‌ವೇರಿಗೆ ಬೆಲೆ ಕೇಳುವುದು ಕಷ್ಟ. ವಿಂಡೋಸೇ 2019ರಿಂದ ಕನ್ನಡ ಫೊನೆಟಿಕ್ ಕೀಲಿಮಣೆ ಕೊಡತೊಡಗಿದ ಮೇಲೆ ಮಾರುಕಟ್ಟೆ ಇನ್ನೂ ಕಿರಿದಾಯಿತು. ಉಚಿತವಾಗಿ ಕೊಟ್ಟವರ ಮೇಲೆ ಅದನ್ನು ಕಾಲಕಾಲಕ್ಕೆ ಹೊಸದು ಮಾಡುವ ಹೊಣೆ ಆಗ ಇಮ್ಮಡಿಯಾಗುತ್ತದೆ.

ಎಐ ಬಂದ ಮೇಲೆ ಲೆಕ್ಕ ಬದಲಾಗುತ್ತದೆಯೆ?

ಸ್ವಲ್ಪ ಮಟ್ಟಿಗೆ ಬದಲಾಗುತ್ತದೆ. ಏನು ಬೇಕೆಂದು ಮಾತಿನಲ್ಲಿ ಹೇಳಿ ಎಐ ಕೈಲಿ ಕೋಡ್ ಬರೆಸುವ ರೂಢಿಗೆ 2025ರ ಫೆಬ್ರುವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕಾರ್ಪಥಿ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ಮುನ್ನೂರು ಗಿರಾಕಿಗಳಿಗೆ ಸಾಲದಿದ್ದ ಲೆಕ್ಕ, ಬರೆಯುವ ಖರ್ಚು ಇಳಿದರೆ ಮೂವತ್ತು ಗಿರಾಕಿಗಳಿಗೂ ಹೊಂದಬಹುದು. ಬಿಲ್ ಬುಕ್ಕಿಗೆ ಕ್ರಮಸಂಖ್ಯೆ ಹಾಕುವ ಉಪಕರಣ, ಹಳೆಯ ಆಸ್ಕಿ ಫೈಲುಗಳ ರಾಶಿಯನ್ನು ಒಟ್ಟಿಗೆ ಪರಿವರ್ತಿಸುವ ಉಪಕರಣ ಇಂಥವನ್ನು ಕಸುಬಿನವರೇ ಮಾಡಿಕೊಳ್ಳುವ ಕಾಲ ಹತ್ತಿರವಿದೆ.

ಆದರೆ ಖರ್ಚಿನ ದೊಡ್ಡ ಪಾಲು ಬರೆಯುವುದರಲ್ಲಿ ಇರಲಿಲ್ಲ, ಸಾಕುವುದರಲ್ಲಿ ಇತ್ತು. ಅರ್ಕಾವತ್ತನ್ನು ತಪ್ಪು ಜಾಗಕ್ಕೆ ಇಟ್ಟ ಕನ್ವರ್ಟರಿನ ತಪ್ಪನ್ನು ಹಿಡಿಯಲು ಕನ್ನಡವನ್ನೂ ಪ್ರೂಫನ್ನೂ ಬಲ್ಲ ಕಣ್ಣು ಬೇಕು. ಎಐ ಬರೆದುಕೊಟ್ಟ ಪ್ರೋಗ್ರಾಂ ಎರಡು ವರ್ಷದ ಮೇಲೆ ಕೆಟ್ಟರೆ ಅದರೊಳಗೆ ಏನಿದೆ ಎಂದು ತಿಳಿದವರು ಇರಬೇಕು. ಇಲ್ಲದಿದ್ದರೆ ಯಾರೂ ಹೊಣೆ ಹೊರದ ಸಾಫ್ಟ್‌ವೇರುಗಳ ಇನ್ನೊಂದು ರಾಶಿ ಬೀಳುತ್ತದೆ.

ಮುಂದೆ ಏನಾಗಬಹುದು?

ವಿಂಡೋಸ್ 11ಕ್ಕೆ ಹೋಗಲಾಗದ ಅಂಗಡಿಗಳು ಎರಡು ಕಂಪ್ಯೂಟರ್ ಇಟ್ಟುಕೊಳ್ಳುವ ಕಡೆ ವಾಲುತ್ತವೆ. ಒಂದು ಹಳೆಯದು, ಇಂಟರ್‌ನೆಟ್ ಕಿತ್ತದ್ದು, ಪೇಜ್‌ಮೇಕರ್ ಮತ್ತು ಡಾಂಗಲ್ಲಿಗೆಂದು. ಇನ್ನೊಂದು ಹೊಸದು, ಬ್ಯಾಂಕು, ಇಮೇಲು, ವಾಟ್ಸ್ಆ್ಯಪಿಗೆಂದು. ಇದು ತಪ್ಪಲ್ಲ, ನಡುವೆ ಓಡಾಡುವ ಪೆನ್‌ಡ್ರೈವ್ ಮಾತ್ರ ಸ್ವಚ್ಛವಾಗಿರಬೇಕು. ಆದರೆ ಹಳೆಯ ಯಂತ್ರದ ಮದರ್‌ಬೋರ್ಡಿಗೂ ಒಂದು ಆಯಸ್ಸಿದೆ, ಈ ಏರ್ಪಾಡು ಕೆಲವು ವರ್ಷ ಸಮಯ ಕೊಡುತ್ತದೆ ಅಷ್ಟೆ.

ಆ ಸಮಯದಲ್ಲಿ ಮಾಡಬೇಕಾದ ಕೆಲಸ ದೊಡ್ಡದಲ್ಲ, ತಾಳ್ಮೆಯದ್ದು. ಮತ್ತೆ ಮತ್ತೆ ಬೇಕಾಗುವ ಪಠ್ಯಗಳನ್ನು, ಅಂದರೆ ದೇವಸ್ಥಾನದ ಪಂಚಾಂಗ, ಸಂಘದ ನಿಯಮಾವಳಿ, ಮರುಮುದ್ರಣವಾಗುವ ಪುಸ್ತಕಗಳನ್ನು ಮೊದಲು ಯುನಿಕೋಡಿಗೆ ತಂದು ಒಬ್ಬರು ಕೂತು ಪ್ರೂಫ್ ನೋಡಬೇಕು. ಉಳಿದ ಪುಟಗಳನ್ನು ಪಿಡಿಎಫ್ ಮಾಡಿಟ್ಟರೆ ಕನಿಷ್ಠ ಮತ್ತೆ ಅಚ್ಚುಹಾಕಬಹುದು. ಪ್ರತಿ ಫೈಲಿನ ಜೊತೆ ಅದರ ಫಾಂಟುಗಳನ್ನೂ ಅದೇ ಫೋಲ್ಡರಿನಲ್ಲಿ ಹಾಕಿಡಬೇಕು. ಆಸ್ಕಿ ಫೈಲಿನ ಮಟ್ಟಿಗೆ ಫಾಂಟೇ ನಿಘಂಟು; ಆ ಫಾಂಟ್ ಕಳೆದುಹೋದರೆ, ‘ಪಿ’ ಎಂದರೆ ‘ಕ’ ಎಂದು ಮುಂದೆ ಬರುವವರಿಗೆ ಹೇಳಲು ಆ ಕಂಪ್ಯೂಟರಿನಲ್ಲಿ ಬೇರೇನೂ ಇರುವುದಿಲ್ಲ.